ಗಣಕ ಪ್ರಶ್ನೋತ್ತರ: ಹಳೆಯ ಕಂಪ್ಯೂಟರು ಪೆನ್‌ಡ್ರೈವನ್ನು ಗುರುತಿಸದಿದ್ದಾಗ

ಹಳೆಯ ಕಂಪ್ಯೂಟರುಗಳ ಬಗ್ಗೆ ಪ್ರಶ್ನೆ ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯನ್ನು ಹೇಳಿಕೊಂಡಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪೆನ್‌ಡ್ರೈವ್ ಹಾಕಿದರೆ ಕಂಪ್ಯೂಟರು ‘ಡ್ರೈವರ್ ಇಲ್ಲ’ ಎನ್ನುತ್ತದೆ, ಅಥವಾ ಏನನ್ನೂ ಹೇಳದೆ ಸುಮ್ಮನಿರುತ್ತದೆ ಎಂಬುದು ಬಹುಪಾಲು ಪತ್ರಗಳ ಸಾರ. ಡ್ರೈವರ್ ಎಂದರೆ ಒಂದು ಸಾಧನವನ್ನು ನಡೆಸುವುದು ಹೇಗೆಂದು ವಿಂಡೋಸಿಗೆ ತಿಳಿಸಿಕೊಡುವ ಸಣ್ಣ ತಂತ್ರಾಂಶ.

ಬಿಡಿ ಉತ್ತರಗಳಿಗೆ ಹೋಗುವ ಮುನ್ನ ಎಲ್ಲರಿಗೂ ಅನ್ವಯಿಸುವ ಒಂದು ಮಾತನ್ನು ಹೇಳಿಬಿಡುತ್ತೇನೆ. 2000ದಲ್ಲಿ ಬಂದ ವಿಂಡೋಸ್ 2000 ಮತ್ತು ವಿಂಡೋಸ್ ಎಂಇ ಮೊದಲ್ಗೊಂಡು ಇಂದಿನವರೆಗಿನ ಎಲ್ಲ ವಿಂಡೋಸ್ ಆವೃತ್ತಿಗಳಲ್ಲೂ ಪೆನ್‌ಡ್ರೈವಿಗೆ ಬೇಕಾದ ಡ್ರೈವರ್ ಒಳಗೇ ಇರುತ್ತದೆ. ಯಾವ ಕಂಪನಿಯ ಪೆನ್‌ಡ್ರೈವ್ ಆದರೂ ಬಳಕೆಯಾಗುವುದು ಆ ಒಂದೇ ಡ್ರೈವರ್. ಆದ್ದರಿಂದ ‘ನಿಮ್ಮ ಪೆನ್‌ಡ್ರೈವಿನ ಡ್ರೈವರ್ ಇಲ್ಲಿ ಸಿಗುತ್ತದೆ’ ಎಂದು ಹೇಳಿ ಹಣ ಕೇಳುವ ಜಾಲತಾಣಗಳಿಂದ ಏನನ್ನೂ ಇಳಿಸಿಕೊಳ್ಳಬೇಡಿ. ನಾವು ಹುಡುಕಬೇಕಾದದ್ದು ಕಂಪ್ಯೂಟರಿನಲ್ಲಿ ಈಗಾಗಲೇ ಇರುವ ಡ್ರೈವರ್ ಕೆಲಸ ಮಾಡದಂತೆ ತಡೆದಿರುವುದು ಯಾವುದು ಎಂಬುದನ್ನು. ನಿಮ್ಮ ಪತ್ರಗಳಲ್ಲಿ ಇದಕ್ಕೆ ಹೊರತಾದದ್ದು ವಿಂಡೋಸ್ 98 ಒಂದೇ. ಅದರ ಬಗೆಗಿನ ಪ್ರಶ್ನೆಯೂ ಬಂದಿದೆ, ಮುಂದೆ ಉತ್ತರಿಸಿದ್ದೇನೆ.

ಪ್ರಶ್ನೆ: ಮೂಡಿಗೆರೆ ಬಳಿಯ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದೇನೆ. ಆಳುಗಳ ಹಾಜರಿ ಮತ್ತು ವಾರದ ಬಟವಾಡೆಯ ಲೆಕ್ಕವೆಲ್ಲ ವಿಂಡೋಸ್ ಎಕ್ಸ್‌ಪಿ ಇರುವ ಕಂಪ್ಯೂಟರಿನಲ್ಲಿದೆ. ಬೆಂಗಳೂರಿನ ಕಂಪನಿಯೊಂದು ತನ್ನ ಹಳೆಯ ಕಂಪ್ಯೂಟರುಗಳನ್ನು ಮಾರುವಾಗ ನಮ್ಮ ಸಾಹುಕಾರರು ಇದನ್ನು ಕೊಂಡು ತಂದರು. ಯುಎಸ್‌ಬಿ ಕೀಬೋರ್ಡ್ ಮತ್ತು ಮೌಸ್ ಸರಿಯಾಗಿ ನಡೆಯುತ್ತವೆ. ಆದರೆ ಯಾವ ಪೆನ್‌ಡ್ರೈವ್ ಹಾಕಿದರೂ ‘ಫೌಂಡ್ ನ್ಯೂ ಹಾರ್ಡ್‌ವೇರ್’ ಎಂಬ ಕಿಟಕಿ ತೆರೆದು ಡ್ರೈವರ್ ಕೇಳುತ್ತದೆ. ಕೊನೆಗೆ ಅಳವಡಿಸಲು ಆಗಲಿಲ್ಲ ಎಂದು ನಿಲ್ಲುತ್ತದೆ. ಲೆಕ್ಕವನ್ನು ಚಿಕ್ಕಮಗಳೂರಿನ ಆಡಿಟರಿಗೆ ತಲುಪಿಸಲು ಆಗುತ್ತಿಲ್ಲ. ವಿಂಡೋಸನ್ನೇ ಹೊಸದಾಗಿ ಹಾಕಬೇಕು ಎಂದು ಕೆಲವರು ಹೇಳುತ್ತಾರೆ. ಹಾಗೆ ಮಾಡಿದರೆ ಲೆಕ್ಕದ ತಂತ್ರಾಂಶ ಕೈತಪ್ಪೀತೆಂಬ ಭಯವಿದೆ.

ಉತ್ತರ: ವಿಂಡೋಸನ್ನು ಹೊಸದಾಗಿ ಹಾಕುವ ಅಗತ್ಯ ನನಗೆ ಕಾಣುವುದಿಲ್ಲ. ನಿಮ್ಮ ಪತ್ರದಲ್ಲಿರುವ ಎರಡು ಸಂಗತಿಗಳು ದೋಷದ ಜಾಗವನ್ನು ಬಹುಮಟ್ಟಿಗೆ ತೋರಿಸಿಕೊಡುತ್ತವೆ. ಯುಎಸ್‌ಬಿ ಮೌಸ್ ನಡೆಯುತ್ತಿದೆ ಎಂದರೆ ಮದರ್‌ಬೋರ್ಡಿನ (ಕಂಪ್ಯೂಟರಿನೊಳಗಿನ ಮುಖ್ಯ ಫಲಕದ) ಯುಎಸ್‌ಬಿ ಚಿಪ್ಪು, ಅದರ ಡ್ರೈವರ್ ಮತ್ತು ವಿದ್ಯುತ್ ಪೂರೈಕೆ ಸರಿಯಾಗಿವೆ ಎಂದಾಯಿತು. ಮೌಸ್ ಸಿಕ್ಕಿಸಿರುವ ಕಿಂಡಿಯಲ್ಲೇ ಪೆನ್‌ಡ್ರೈವ್ ಹಾಕಿ ನೋಡಿ. ಅಲ್ಲೂ ಇದೇ ಕಿಟಕಿ ತೆರೆದುಕೊಂಡರೆ ಕಿಂಡಿಯ ಬಗ್ಗೆ ಸಂಶಯ ಉಳಿಯುವುದಿಲ್ಲ. ಎರಡನೆಯ ಸಂಗತಿ, ಕಂಪ್ಯೂಟರು ಒಂದು ಕಂಪನಿಯ ಕಚೇರಿಯಿಂದ ಬಂದದ್ದು. ಸಿಬ್ಬಂದಿ ಕಡತಗಳನ್ನು ಪೆನ್‌ಡ್ರೈವಿನಲ್ಲಿ ಹೊರಗೆ ಒಯ್ಯಬಾರದೆಂದು ಅನೇಕ ಕಚೇರಿಗಳು ಪೆನ್‌ಡ್ರೈವಿಗೆ ಬೀಗ ಹಾಕಿಟ್ಟಿರುತ್ತವೆ. ಮಾರುವಾಗ ಆ ಬೀಗವನ್ನು ತೆಗೆಯುವುದು ಯಾರಿಗೂ ನೆನಪಾಗುವುದಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಆಗಿರುವುದು ಇದೇ ಎಂದು ನನ್ನ ಬಲವಾದ ಅನುಮಾನ.

ಬೀಗ ಎಲ್ಲಿದೆ ಎಂದು ತಿಳಿಯಲು ಪೆನ್‌ಡ್ರೈವ್ ಹಾಕಿದಾಗ ಒಳಗೆ ನಡೆಯುವುದನ್ನು ಸ್ವಲ್ಪ ನೋಡಬೇಕು. ಪೆನ್‌ಡ್ರೈವ್ ತನ್ನ ಕಂಪನಿ ಮತ್ತು ಮಾದರಿಯ ಸಂಖ್ಯೆಗಳ ಜೊತೆಗೆ ತಾನು ಯಾವ ವರ್ಗಕ್ಕೆ ಸೇರಿದ್ದು ಎಂಬುದನ್ನೂ ಕಂಪ್ಯೂಟರಿಗೆ ತಿಳಿಸುತ್ತದೆ. ಮಾಹಿತಿ ಸಂಗ್ರಹಿಸುವ ಸಾಧನಗಳ ವರ್ಗಸಂಖ್ಯೆ 08. ಎಕ್ಸ್‌ಪಿ ಈ ಸಂಖ್ಯೆಯನ್ನು ಹಿಡಿದುಕೊಂಡು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ‘ಐಎನ್‌ಎಫ್’ ಎಂಬ ಫೋಲ್ಡರಿನಲ್ಲಿ ಹುಡುಕುತ್ತದೆ. ಅಲ್ಲಿರುವ ‘ಯುಎಸ್‌ಬಿಸ್ಟೋರ್ ಡಾಟ್ ಐಎನ್‌ಎಫ್’ ಎಂಬ ಕಡತದಲ್ಲಿ ಈ ವರ್ಗಕ್ಕೆ ‘ಯುಎಸ್‌ಬಿಸ್ಟೋರ್ ಡಾಟ್ ಎಸ್‌ವೈಎಸ್’ ಎಂಬ ಡ್ರೈವರ್ ಬಳಸಬೇಕೆಂದು ಬರೆದಿರುತ್ತದೆ. ಈ ಐಎನ್‌ಎಫ್ ಕಡತ ಇಲ್ಲದಿದ್ದರೆ, ಅಥವಾ ಇದ್ದೂ ಅದನ್ನು ಓದಲು ವಿಂಡೋಸಿಗೆ ಅನುಮತಿ ಇಲ್ಲದಿದ್ದರೆ, ಡ್ರೈವರ್ ಎಲ್ಲಿದೆ ಎಂದು ನಿಮ್ಮನ್ನೇ ಕೇಳತೊಡಗುತ್ತದೆ. ನೀವು ನೋಡುತ್ತಿರುವ ಕಿಟಕಿ ಅದೇ.

ಇದನ್ನು ಕಣ್ಣಾರೆ ಖಚಿತಪಡಿಸಿಕೊಳ್ಳಬಹುದು. ವಿಂಡೋಸ್ ಫೋಲ್ಡರಿನಲ್ಲಿ ‘ಸೆಟಪ್‌ಎಪಿಐ ಡಾಟ್ ಲಾಗ್’ ಎಂಬ ಕಡತವಿದೆ. ಹೊಸ ಸಾಧನ ಹಾಕಿದಾಗಲೆಲ್ಲ ಎಕ್ಸ್‌ಪಿ ತಾನು ಏನು ಹುಡುಕಿದೆ, ಏನು ಸಿಕ್ಕಿತು ಎಂಬುದನ್ನು ಇದರಲ್ಲಿ ದಿನಾಂಕ ಮತ್ತು ಸಮಯದ ಸಹಿತ ಬರೆದಿಡುತ್ತದೆ. ಪೆನ್‌ಡ್ರೈವ್ ಹಾಕಿ, ಕಿಟಕಿ ಬಂದು ವಿಫಲವಾದ ಕೂಡಲೇ ಈ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಕೊನೆಯ ಪುಟಕ್ಕೆ ಹೋಗಿ. ‘ಸರ್ಚಿಂಗ್ ಫಾರ್ ಕಂಪ್ಯಾಟಿಬಲ್ ಐಡಿ’ ಎಂಬ ಸಾಲಿನಲ್ಲಿ ಯುಎಸ್‌ಬಿ, ಕ್ಲಾಸ್ 08, ಸಬ್‌ಕ್ಲಾಸ್ 06 ಎಂಬ ಗುರುತು ಕಾಣುತ್ತದೆ. ಎಲ್ಲವೂ ಸರಿಯಿರುವ ಕಂಪ್ಯೂಟರಿನಲ್ಲಿ ಅದರ ಕೆಳಗೇ ‘ಫೌಂಡ್’ ಎಂದು ಶುರುವಾಗಿ ಯುಎಸ್‌ಬಿಸ್ಟೋರ್ ಕಡತದ ಹೆಸರಿರುವ ಸಾಲು ಇರುತ್ತದೆ. ನಿಮ್ಮಲ್ಲಿ ಆ ಸಾಲು ಇಲ್ಲವೆಂದಾದರೆ ನನ್ನ ಅನುಮಾನ ನಿಜವಾಯಿತು.

ಇನ್ನು ದುರಸ್ತಿ. ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಒಳಹೊಕ್ಕು, ಮೊದಲು ಬಟವಾಡೆಯ ಕಡತಗಳನ್ನು ಒಂದು ಸಿಡಿಗೆ ಪ್ರತಿ ಮಾಡಿಟ್ಟುಕೊಳ್ಳಿ. ಆ ಕೆಲಸವಾಗದೆ ಮುಂದಿನ ಯಾವುದಕ್ಕೂ ಕೈಹಾಕಬೇಡಿ. ಐಎನ್‌ಎಫ್ ಫೋಲ್ಡರು ಮರೆಯಾಗಿರುವುದರಿಂದ ಟೂಲ್ಸ್ ಮೆನುವಿನ ಫೋಲ್ಡರ್ ಆಪ್ಷನ್ಸ್‌ನಲ್ಲಿ ಮರೆಯಾದ ಕಡತಗಳನ್ನು ತೋರಿಸುವಂತೆ ಹೇಳಿ, ಅಲ್ಲೇ ಕೊನೆಯಲ್ಲಿರುವ ‘ಸಿಂಪಲ್ ಫೈಲ್ ಶೇರಿಂಗ್’ ಎಂಬುದರ ಗುರುತನ್ನು ತೆಗೆಯಿರಿ. ಆಗ ಯುಎಸ್‌ಬಿಸ್ಟೋರ್ ಐಎನ್‌ಎಫ್ ಕಡತದ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದರೆ ‘ಸೆಕ್ಯುರಿಟಿ’ ಎಂಬ ಪುಟ ಕಾಣಿಸುತ್ತದೆ. ಕಚೇರಿಯವರು ಬೀಗ ಹಾಕಿದ್ದರೆ ‘ಯೂಸರ್ಸ್’ ಅಥವಾ ‘ಸಿಸ್ಟಮ್’ ಎಂಬ ಹೆಸರಿನ ಎದುರು ‘ಡಿನೈ’ ಎಂಬ ಸಾಲಿನಲ್ಲಿ ಗುರುತುಗಳಿರುತ್ತವೆ, ಅವನ್ನು ತೆಗೆದುಬಿಡಿ. ಪಕ್ಕದಲ್ಲಿರುವ, ಪಿಎನ್‌ಎಫ್ ಎಂದು ಕೊನೆಯಾಗುವ ಅದೇ ಹೆಸರಿನ ಕಡತಕ್ಕೂ ಹೀಗೆಯೇ ಮಾಡಿ. ಕೆಲವು ಕಡೆ ಅನುಮತಿಯ ಗೋಜಿಗೆ ಹೋಗದೆ ಕಡತದ ಹೆಸರನ್ನೇ ಬದಲಿಸಿಟ್ಟಿರುತ್ತಾರೆ, ಅಥವಾ ಅಳಿಸಿರುತ್ತಾರೆ. ಹೆಸರು ಬದಲಾಗಿದ್ದರೆ ಮೊದಲಿನಂತೆ ಮಾಡಿದರಾಯಿತು. ಅಳಿಸಿದ್ದರೆ ಅದೇ ಸರ್ವೀಸ್ ಪ್ಯಾಕ್ (ಮೈಕ್ರೋಸಾಫ್ಟ್ ಒಟ್ಟಾಗಿ ಕೊಟ್ಟ ಪರಿಷ್ಕರಣೆಗಳ ಕಟ್ಟು) ಇರುವ ಇನ್ನೊಂದು ಎಕ್ಸ್‌ಪಿ ಕಂಪ್ಯೂಟರಿನಿಂದ ಐಎನ್‌ಎಫ್ ಕಡತವನ್ನು ಸಿಡಿಯಲ್ಲಿ ತಂದು ಅದರ ಜಾಗದಲ್ಲಿ ಇಡಿ. ಪಿಎನ್‌ಎಫ್ ಕಡತವನ್ನು ವಿಂಡೋಸ್ ತಾನೇ ಸಿದ್ಧಪಡಿಸಿಕೊಳ್ಳುತ್ತದೆ. ಯುಎಸ್‌ಬಿಸ್ಟೋರ್ ಎಸ್‌ವೈಎಸ್ ಕಡತವೂ ಕಾಣದಿದ್ದರೆ ಅದನ್ನೂ ತಂದು ಸಿಸ್ಟಮ್32 ಒಳಗಿನ ‘ಡ್ರೈವರ್ಸ್’ ಫೋಲ್ಡರಿಗೆ ಸೇರಿಸಿ.

ಎರಡನೆಯ ಬೀಗ ರೆಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಆಯ್ಕೆಗಳನ್ನೆಲ್ಲ ಬರೆದಿಟ್ಟುಕೊಳ್ಳುವ ದಾಖಲೆಯಲ್ಲಿ, ಇರಬಹುದು. ಸ್ಟಾರ್ಟ್ ಗುಂಡಿ ಒತ್ತಿ, ‘ರನ್’ ಕಿಟಕಿಯಲ್ಲಿ ‘ರೆಜ್‌ಎಡಿಟ್’ ಎಂದು ಇಂಗ್ಲಿಷಿನಲ್ಲಿ ಬರೆದು ರೆಜಿಸ್ಟ್ರಿ ಎಡಿಟರ್ ತೆರೆಯಿರಿ. ಎಡಬದಿಯಲ್ಲಿ ‘ಎಚ್‌ಕೀ ಲೋಕಲ್ ಮಷೀನ್’, ಅದರೊಳಗೆ ಸಿಸ್ಟಮ್, ಅದರೊಳಗೆ ‘ಕರೆಂಟ್ ಕಂಟ್ರೋಲ್ ಸೆಟ್’, ಅದರೊಳಗೆ ಸರ್ವೀಸಸ್ ಎಂದು ಇಳಿದುಹೋದರೆ ‘ಯುಎಸ್‌ಬಿಸ್ಟೋರ್’ ಎಂಬ ಹೆಸರು ಸಿಗುತ್ತದೆ. ಬಲಬದಿಯ ‘ಸ್ಟಾರ್ಟ್’ ಎಂಬುದರ ಬೆಲೆ 3 ಇರಬೇಕು. 4 ಇದ್ದರೆ ಡ್ರೈವರನ್ನು ನಿಷೇಧಿಸಲಾಗಿದೆ ಎಂದರ್ಥ. ಅದನ್ನು 3 ಮಾಡಿ. ಬದಲಿಸುವ ಮುನ್ನ ಫೈಲ್ ಮೆನುವಿನ ‘ಎಕ್ಸ್‌ಪೋರ್ಟ್’ ಮೂಲಕ ಆ ಭಾಗದ ಪ್ರತಿಯೊಂದನ್ನು ಉಳಿಸಿಕೊಳ್ಳಿ. ರೆಜಿಸ್ಟ್ರಿಯಲ್ಲಿ ಬೇರೆ ಯಾವುದನ್ನೂ ಕುತೂಹಲಕ್ಕಾಗಿ ಮುಟ್ಟಬೇಡಿ. ಇಷ್ಟಾದ ಮೇಲೆ, ಕಂಪ್ಯೂಟರಿನ ಸಾಧನಗಳ ಪಟ್ಟಿಯಾದ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿನೊಂದಿಗೆ ಉಳಿದಿರುವ ವಿಫಲ ನಮೂದುಗಳನ್ನು ‘ಅನ್‌ಇನ್‌ಸ್ಟಾಲ್’ ಮಾಡಿ, ಕಂಪ್ಯೂಟರನ್ನು ಒಮ್ಮೆ ಮುಚ್ಚಿ ತೆರೆದು, ಪೆನ್‌ಡ್ರೈವ್ ಹಾಕಿ.

ಪೆನ್‌ಡ್ರೈವ್ ತೆರೆದುಕೊಂಡರೂ ಅದಕ್ಕೆ ಬರೆಯಲು ಹೋದಾಗ ‘ರೈಟ್ ಪ್ರೊಟೆಕ್ಟೆಡ್’ ಎಂದು ಬಂದರೆ ಅದು ಮೂರನೆಯ ಬೀಗ. ರೆಜಿಸ್ಟ್ರಿಯ ಅದೇ ‘ಕರೆಂಟ್ ಕಂಟ್ರೋಲ್ ಸೆಟ್’ನಲ್ಲಿ ‘ಕಂಟ್ರೋಲ್’, ಅದರೊಳಗೆ ‘ಸ್ಟೋರೇಜ್ ಡಿವೈಸ್ ಪಾಲಿಸೀಸ್’ ಎಂಬುದಿದ್ದು, ಅಲ್ಲಿ ‘ರೈಟ್ ಪ್ರೊಟೆಕ್ಟ್’ ಎಂಬುದರ ಬೆಲೆ 1 ಇದ್ದರೆ ಅದನ್ನು 0 ಮಾಡಬೇಕು.

ಪೆನ್‌ಡ್ರೈವ್ ನಡೆಯತೊಡಗಿದ ಮೇಲೆ ಇನ್ನೊಂದು ಎಚ್ಚರಿಕೆ ಬೇಕು. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ಅಂದಿನಿಂದ ಬಂದ ವೈರಸ್ಸುಗಳಿಗೆ ಅದರ ಬಾಗಿಲು ತೆರೆದೇ ಇದೆ. ಈ ಕಂಪ್ಯೂಟರನ್ನು ಇಂಟರ್‌ನೆಟ್ಟಿಗೆ ಜೋಡಿಸದೆ ಬಟವಾಡೆಯ ಲೆಕ್ಕಕ್ಕೆ ಮಾತ್ರ ಇಟ್ಟುಕೊಳ್ಳಿ. ಆಡಿಟರ ಬಳಿಗೆ ಹೋಗಿಬರುವ ಪೆನ್‌ಡ್ರೈವಿನಲ್ಲಿ ಬೇರೆ ಏನನ್ನೂ ತುಂಬಿಸಬೇಡಿ.

ಪ್ರಶ್ನೆ: ಕೊಪ್ಪದಲ್ಲಿ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಬೇಸಿಗೆಯಲ್ಲಿ ತೊಂದರೆಯಿಲ್ಲ. ಆರಿದ್ರಾ ಮಳೆ ಹಿಡಿದ ಮೇಲೆ ಗಿರಾಕಿಗಳ ಪೆನ್‌ಡ್ರೈವ್ ಒಮ್ಮೆ ಕಾಣುತ್ತದೆ, ಇನ್ನೊಮ್ಮೆ ‘ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಸ್ಡ್’ ಎಂದು ಬರುತ್ತದೆ. ಪೆನ್‌ಡ್ರೈವಿನ ದೀಪ ಮಾತ್ರ ಉರಿಯುತ್ತಿರುತ್ತದೆ. ಡ್ರೈವರ್ ಹಾಳಾಗಿದೆಯೇ?

ಉತ್ತರ: ಡ್ರೈವರ್ ಹಾಳಾಗಿದ್ದರೆ ಅದು ಮಳೆ ಬಿಸಿಲು ನೋಡುವುದಿಲ್ಲ. ದೀಪ ಉರಿಯುತ್ತದೆ, ಆದರೆ ಗುರುತು ಸಿಗುವುದಿಲ್ಲ ಎಂದು ನೀವು ಬರೆದಿರುವುದೇ ಮುಖ್ಯ ಸುಳಿವು.

ಟಾರ್ಚ್ ಹಿಡಿದು ಯುಎಸ್‌ಬಿ ಕಿಂಡಿಯೊಳಗೆ ನೋಡಿ. ಪ್ಲಾಸ್ಟಿಕ್ಕಿನ ನಾಲಗೆಯ ಮೇಲೆ ನಾಲ್ಕು ಲೋಹದ ಪಟ್ಟಿಗಳು ಸಾಲಾಗಿರುತ್ತವೆ. ಅಂಚಿನ ಎರಡು ಪಟ್ಟಿಗಳಲ್ಲಿ 5 ವೋಲ್ಟ್ ವಿದ್ಯುತ್ ಬರುತ್ತದೆ. ನಡುವಿನ ಎರಡರಲ್ಲಿ ಮಾಹಿತಿ ಹರಿಯುತ್ತದೆ. ಪೆನ್‌ಡ್ರೈವಿನ ಕಡೆಯ ನಾಲ್ಕು ಪಟ್ಟಿಗಳಲ್ಲಿ ಅಂಚಿನವು ನಡುವಿನವುಗಳಿಗಿಂತ ಉದ್ದವಾಗಿರುವುದನ್ನೂ ನೀವು ಕಾಣಬಹುದು. ಸಿಕ್ಕಿಸುವಾಗ ಮೊದಲು ವಿದ್ಯುತ್ ತಾಗಲಿ, ಆಮೇಲೆ ಮಾಹಿತಿಯ ಸಂಪರ್ಕವಾಗಲಿ ಎಂದೇ ಹಾಗೆ ಮಾಡಿದ್ದಾರೆ. ಮಲೆನಾಡಿನ ಮಳೆಗಾಲದ ತೇವಕ್ಕೆ ಈ ಪಟ್ಟಿಗಳ ಮೇಲೆ ಕಿಲುಬು ಕೂರುತ್ತದೆ. ಅಂಚಿನ ಪಟ್ಟಿಗಳು ತಾಗಿದರೆ ದೀಪ ಉರಿಯುತ್ತದೆ. ನಡುವಿನವು ಸರಿಯಾಗಿ ತಾಗದಿದ್ದರೆ ಪೆನ್‌ಡ್ರೈವ್ ಹೇಳಿದ್ದು ಕಂಪ್ಯೂಟರಿಗೆ ತಲುಪುವುದಿಲ್ಲ. ತನಗೆ ಬಂದ ತುಂಡು ಮಾಹಿತಿಯಿಂದ ಇದು ಯಾವ ಸಾಧನ ಎಂದು ತಿಳಿಯದೆ ವಿಂಡೋಸ್ ‘ನಾಟ್ ರೆಕಗ್ನೈಸ್ಡ್’ ಎನ್ನುತ್ತದೆ. ಡ್ರೈವರ್ ಯಾವುದೆಂದು ಹುಡುಕುವ ಹಂತವನ್ನೇ ಅದು ಮುಟ್ಟಿರುವುದಿಲ್ಲ.

ಕಂಪ್ಯೂಟರನ್ನು ಆರಿಸಿ, ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತುಸು ಅದ್ದಿದ ತೆಳ್ಳನೆಯ ಬ್ರಷ್ಷಿನಿಂದ ಪಟ್ಟಿಗಳನ್ನು ಹಗುರವಾಗಿ ಉಜ್ಜಿ, ಪೂರ್ತಿ ಒಣಗಲು ಬಿಡಿ. ಪೆನ್‌ಡ್ರೈವಿನ ಕಡೆಯ ಪಟ್ಟಿಗಳನ್ನು ಶುಭ್ರವಾದ ಪೆನ್ಸಿಲ್ ರಬ್ಬರಿನಿಂದ ಉಜ್ಜಿದರೆ ಸಾಕು. ಗುಂಡುಸೂಜಿಯಿಂದ ಕೆರೆಯುವುದು ಬೇಡ. ಪಟ್ಟಿ ಬಾಗಿ ಪಕ್ಕದ್ದಕ್ಕೆ ತಾಗಿದರೆ ಮದರ್‌ಬೋರ್ಡಿಗೇ ಅಪಾಯ.

ಪ್ಲಗ್ ಕಿತ್ತಿರುವಾಗಲೇ ಇನ್ನೊಂದು ಕೆಲಸ ಮಾಡಿ. ಕಂಪ್ಯೂಟರಿನ ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಐದು ಹತ್ತು ನಿಮಿಷ ಹಾಗೆಯೇ ಬಿಡಿ. ಮಾಮೂಲಿಯಾಗಿ ಶಟ್‌ಡೌನ್ ಮಾಡಿದಾಗ ಮದರ್‌ಬೋರ್ಡಿಗೆ ಸಣ್ಣ ಪ್ರಮಾಣದ ವಿದ್ಯುತ್ ಹರಿಯುತ್ತಲೇ ಇರುವುದರಿಂದ, ಗೊಂದಲಕ್ಕೆ ಸಿಕ್ಕ ಯುಎಸ್‌ಬಿ ಚಿಪ್ಪು ಅದೇ ಸ್ಥಿತಿಯಲ್ಲಿ ಉಳಿಯಬಹುದು. ಪೂರ್ತಿ ವಿದ್ಯುತ್ ಕಡಿದಾಗ ಅದು ಹೊಸದಾಗಿ ಶುರುವಾಗುತ್ತದೆ. ಕಾಸು ಖರ್ಚಿಲ್ಲದ ಈ ಉಪಾಯವನ್ನು ಎಲ್ಲರೂ ಮೊದಲು ಮಾಡಿ ನೋಡಬೇಕು ಎಂಬುದು ನನ್ನ ಸಲಹೆ.

ಅಂಗಡಿಯಲ್ಲಿ ಸಾಮಾನ್ಯವಾಗಿ ಮುಂಭಾಗದ ಕಿಂಡಿಯನ್ನೇ ಬಳಸುತ್ತಾರೆ. ಅದು ಪೆಟ್ಟಿಗೆಯೊಳಗಿನ ತೆಳುವಾದ ವೈರಿನ ಮೂಲಕ ಮದರ್‌ಬೋರ್ಡಿಗೆ ಸೇರುತ್ತದೆ; ಹಿಂಭಾಗದ ಕಿಂಡಿಗಳನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಹಿಂಭಾಗದಲ್ಲಿ ಸರಿಯಾಗಿ ನಡೆದು ಮುಂಭಾಗದಲ್ಲಿ ಮಾತ್ರ ತೊಂದರೆಯಿದ್ದರೆ ವೈರು ಅಥವಾ ಮುಂಭಾಗದ ಕಿಂಡಿ ಬದಲಿಸಬೇಕು. ಒಳ್ಳೆಯ ಗುಣಮಟ್ಟದ ಗಿಡ್ಡನೆಯ ಎಕ್ಸ್‌ಟೆನ್ಷನ್ ಕೇಬಲ್ಲೊಂದನ್ನು ಹಿಂಭಾಗದಿಂದ ಮೇಜಿನ ಮೇಲಕ್ಕೆ ತಂದುಕೊಂಡರೆ ಗಿರಾಕಿಗಳ ಪೆನ್‌ಡ್ರೈವಿಗೆ ಅದೇ ಸಾಕು; ಕಿಂಡಿ ಸವೆದಾಗ ಕೇಬಲ್ ಮಾತ್ರ ಬದಲಿಸಬಹುದು. ಡಿವೈಸ್ ಮ್ಯಾನೇಜರಿನಲ್ಲಿ ಪ್ರತಿಯೊಂದು ‘ಯುಎಸ್‌ಬಿ ರೂಟ್ ಹಬ್’ನ ಪ್ರಾಪರ್ಟೀಸ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಬಹುದು ಎಂಬ ಗುರುತನ್ನೂ ತೆಗೆದುಬಿಡಿ. ಬೆಳಿಗ್ಗೆ ಕಂಪ್ಯೂಟರ್ ಹಾಕಿದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗಿರುತ್ತದೆಯೇ ಎಂಬುದನ್ನು ಗಮನಿಸಿ. ಹಾಗಿದ್ದರೆ ಮದರ್‌ಬೋರ್ಡಿನ ಮೇಲಿನ ಸಿಆರ್2032 ಎಂಬ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ. ಅದು ಮುಗಿದರೆ ಬಯೋಸ್‌ನಲ್ಲಿ (ವಿಂಡೋಸಿಗೂ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶದಲ್ಲಿ) ಮಾಡಿಟ್ಟ ಯುಎಸ್‌ಬಿ ಆಯ್ಕೆಗಳೂ ಅಳಿಸಿಹೋಗುತ್ತವೆ.

ಪ್ರಶ್ನೆ: ಸಕಲೇಶಪುರದಿಂದ ಬರೆಯುತ್ತಿದ್ದೇನೆ. ಹೊಸದಾಗಿ ಕೊಂಡ 64 ಜಿಬಿ ಪೆನ್‌ಡ್ರೈವ್ ಮಗಳ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತದೆ. ನಮ್ಮ ಎಕ್ಸ್‌ಪಿ ಕಂಪ್ಯೂಟರಿನಲ್ಲಿ ‘ಡಿಸ್ಕ್ ಈಸ್ ನಾಟ್ ಫಾರ್ಮ್ಯಾಟೆಡ್’ ಎಂದು ಹೇಳಿ, ಈಗ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ಹೊಸ ಡ್ರೈವರ್ ಬೇಕೇ?

ಉತ್ತರ: ‘ನೋ’ ಒತ್ತಿ. ‘ಯೆಸ್’ ಒತ್ತಿದರೆ ಮಗಳು ಹಾಕಿಟ್ಟ ಕಡತಗಳೆಲ್ಲ ಹೋಗುತ್ತವೆ. ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತಿದೆ ಎಂದರೆ ಡ್ರೈವರ್ ತನ್ನ ಕೆಲಸವನ್ನು ಮುಗಿಸಿದೆ. ಪೆನ್‌ಡ್ರೈವಿನ ಮೇಲಿರುವ ಕಡತವ್ಯವಸ್ಥೆ, ಅಂದರೆ ಕಡತಗಳನ್ನು ಜೋಡಿಸಿಡುವ ಕ್ರಮ, ಮಾತ್ರ ಎಕ್ಸ್‌ಪಿಗೆ ಅರ್ಥವಾಗುತ್ತಿಲ್ಲ. 32 ಜಿಬಿಗಿಂತ ದೊಡ್ಡ ಪೆನ್‌ಡ್ರೈವುಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಎಂಬ ವ್ಯವಸ್ಥೆಯೊಂದಿಗೆ ಬರುತ್ತವೆ, ಮತ್ತು ಎಕ್ಸ್‌ಪಿ ಹೊರಬಂದ 2001ರಲ್ಲಿ ಅದು ಇನ್ನೂ ಹುಟ್ಟಿರಲಿಲ್ಲ. ಸರ್ವೀಸ್ ಪ್ಯಾಕ್ 2 ಅಥವಾ 3 ಇರುವ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2009ರಲ್ಲಿ ಕೆಬಿ955704 ಎಂಬ ಪರಿಷ್ಕರಣೆಯನ್ನು ಕೊಟ್ಟಿತ್ತು. ಅದನ್ನು ಅಳವಡಿಸಿದರೆ ಎಕ್ಸ್‌ಫ್ಯಾಟ್ ಓದಲು ಬರುತ್ತದೆ.

ಅಷ್ಟು ಶ್ರಮ ಬೇಡವೆಂದರೆ ಎರಡು ಕಂಪ್ಯೂಟರುಗಳ ನಡುವೆ ಓಡಾಡಲು 16 ಅಥವಾ 32 ಜಿಬಿಯ ಪೆನ್‌ಡ್ರೈವನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಿ. ಅವು ಸಾಮಾನ್ಯವಾಗಿ ಫ್ಯಾಟ್32ರಲ್ಲಿ ಬರುತ್ತವೆ. ಎಕ್ಸ್‌ಪಿಗೆ ಅದು ಚೆನ್ನಾಗಿ ಗೊತ್ತು. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡದಾದ ಒಂದೇ ಕಡತವನ್ನು ಇಡಲಾಗದು. ಮದುವೆಯ ಪೂರ್ತಿ ವಿಡಿಯೋದಂಥದ್ದನ್ನು ಪ್ರತಿ ಮಾಡುವಾಗ ಜಾಗವಿದ್ದರೂ ಜಾಗವಿಲ್ಲ ಎಂಬ ಸಂದೇಶ ಬಂದರೆ ಕಾರಣ ಇದೇ.

ಪ್ರಶ್ನೆ: ಹಾಸನದಲ್ಲಿ ನಮ್ಮದು ಹಳೆಯ ಮುದ್ರಣಾಲಯ. ಲಗ್ನಪತ್ರಿಕೆ, ಕರಪತ್ರಗಳ ಬಹಳ ಹಳೆಯ ಕಡತಗಳು ವಿಂಡೋಸ್ 98 ಇರುವ ಕಂಪ್ಯೂಟರಿನಲ್ಲೇ ಉಳಿದಿವೆ. ಪೆನ್‌ಡ್ರೈವ್ ಹಾಕಿದರೆ ಡ್ರೈವರ್ ಡಿಸ್ಕ್ ಕೇಳುತ್ತದೆ. ಫ್ಲಾಪಿಗಳು ಈಗ ಸಿಗುವುದಿಲ್ಲ. ಏನು ಮಾಡಬೇಕು?

ಉತ್ತರ: ನಿಮ್ಮ ವಿಷಯದಲ್ಲಿ ಮಾತ್ರ ಡ್ರೈವರ್ ನಿಜವಾಗಿಯೂ ಇಲ್ಲ. ವಿಂಡೋಸ್ 98 ಬಂದದ್ದು 1998ರ ಜೂನ್‌ನಲ್ಲಿ, ಅದರ ಎರಡನೆಯ ಆವೃತ್ತಿ 1999ರಲ್ಲಿ. ಪೆನ್‌ಡ್ರೈವುಗಳು ಮಾರಾಟಕ್ಕೆ ಬಂದದ್ದು 2000ದಲ್ಲಿ. ಐಬಿಎಂ ಆ ವರ್ಷದ ಡಿಸೆಂಬರಿನಲ್ಲಿ ಮಾರಲು ಶುರುಮಾಡಿದ ಪೆನ್‌ಡ್ರೈವಿನಲ್ಲಿ ಇದ್ದದ್ದು 8 ಎಂಬಿ ಜಾಗ. ತನಗಿಂತ ಆಮೇಲೆ ಬಂದ ವಸ್ತುವಿಗೆ ವಿಂಡೋಸ್ 98ರಲ್ಲಿ ಸಿದ್ಧತೆ ಇರಲು ಸಾಧ್ಯವಿರಲಿಲ್ಲ. ಹಾಗಾಗಿ ಆಗಿನ ಕಂಪನಿಗಳು ತಮ್ಮ ತಮ್ಮ ಪೆನ್‌ಡ್ರೈವಿಗೆಂದೇ ವಿಂಡೋಸ್ 98 ಡ್ರೈವರನ್ನು ಸಿಡಿಯಲ್ಲಿ ಕೊಡುತ್ತಿದ್ದವು. ಈಗಿನ ಪೆನ್‌ಡ್ರೈವುಗಳೊಂದಿಗೆ ಅದು ಬರುವುದಿಲ್ಲ.

ಹಳೆಯ ವಿಂಡೋಸಿನ ಅಭಿಮಾನಿಗಳು ಎಲ್ಲ ಪೆನ್‌ಡ್ರೈವಿಗೂ ಹೊಂದುವ ಸಾಮಾನ್ಯ ಡ್ರೈವರಿನ ಕಟ್ಟೊಂದನ್ನು ಸಿದ್ಧಪಡಿಸಿದ್ದಾರೆ. ಅದು ಎರಡನೆಯ ಆವೃತ್ತಿಗೆ ಸಂಬಂಧಿಸಿದ್ದು. ಅದನ್ನು ಹಾಕುವ ಮುನ್ನ ಹಿಂದೆ ಅಳವಡಿಸಿದ ಪೆನ್‌ಡ್ರೈವ್ ಡ್ರೈವರುಗಳನ್ನೂ ಡಿವೈಸ್ ಮ್ಯಾನೇಜರಿನಲ್ಲಿರುವ ‘ಅನ್‌ನೋನ್ ಡಿವೈಸ್’ ನಮೂದುಗಳನ್ನೂ ತೆಗೆದುಹಾಕಬೇಕು. ಇಷ್ಟಾದ ಮೇಲೂ ಪೆನ್‌ಡ್ರೈವ್ ಫ್ಯಾಟ್ ಅಥವಾ ಫ್ಯಾಟ್32ರಲ್ಲೇ ಇರಬೇಕು. ವಿಂಡೋಸ್ 98ಕ್ಕೆ ಎನ್‌ಟಿಎಫ್‌ಎಸ್ ಎಂಬ ಕಡತವ್ಯವಸ್ಥೆಯಾಗಲಿ ಎಕ್ಸ್‌ಫ್ಯಾಟ್ ಆಗಲಿ ತಿಳಿಯದು.

ಆದರೆ ನಿಮಗೆ ಬೇಕಾಗಿರುವುದು ಕಡತಗಳು ಎಂದು ನನಗನ್ನಿಸುತ್ತದೆ. ಹಾಗಿದ್ದರೆ ಆ ಕಂಪ್ಯೂಟರಿಗೆ ಹೊಸದೇನನ್ನೂ ಅಳವಡಿಸದಿರುವುದೇ ಕ್ಷೇಮ. ಅಷ್ಟು ಹಳೆಯ ಹಾರ್ಡ್‌ಡಿಸ್ಕ್ ಎಂದು ನಿಲ್ಲುತ್ತದೋ ಹೇಳಲಾಗದು. ಡಿಸ್ಕನ್ನು ಹೊರತೆಗೆದು, ಐಡಿಇಯಿಂದ (ಹಳೆಯ ಡಿಸ್ಕುಗಳ ಅಗಲವಾದ ಸಂಪರ್ಕದಿಂದ) ಯುಎಸ್‌ಬಿಗೆ ಬದಲಿಸುವ ಅಡಾಪ್ಟರಿನ ಮೂಲಕ ಹೊಸ ಕಂಪ್ಯೂಟರಿಗೆ ಜೋಡಿಸಿ ಎಲ್ಲವನ್ನೂ ಪ್ರತಿ ಮಾಡಿಕೊಳ್ಳಿ. ಅಡಾಪ್ಟರಿನ ಜೊತೆ ಅದರದೇ ವಿದ್ಯುತ್ ಪೂರೈಕೆ ಇರುವುದನ್ನೇ ಕೊಳ್ಳಿ. ಆ ಕಾಲದ ದೊಡ್ಡ ಡಿಸ್ಕುಗಳಿಗೆ 12 ವೋಲ್ಟ್ ಕೂಡ ಬೇಕಾಗುವುದರಿಂದ ಯುಎಸ್‌ಬಿಯ 5 ವೋಲ್ಟ್ ಮಾತ್ರ ಸಾಲದು. ಪ್ರತಿ ಮಾಡುವಾಗ ಫಾಂಟ್ಸ್ ಫೋಲ್ಡರನ್ನು ಮರೆಯಬೇಡಿ. ಆ ಕಾಲದ ಕನ್ನಡ ಕಡತಗಳು ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರಸಂಕೇತದಲ್ಲಿ, ಇರುವ ಸಂಭವ ಕಡಿಮೆ. ಅವುಗಳ ಫಾಂಟ್ ಜೊತೆಗಿಲ್ಲದಿದ್ದರೆ ಹೊಸ ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆಯ ಜಾಗದಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಕಾಣುತ್ತದೆ.

ಪ್ರಶ್ನೆ: ಅರಸೀಕೆರೆಯ ನಮ್ಮ ಸಹಕಾರ ಸಂಘದ ಎಕ್ಸ್‌ಪಿ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್ ಹಾಕಿದರೆ ಕೆಳಗಿನ ಮೂಲೆಯಲ್ಲಿ ಹಸಿರು ಬಾಣದ ಗುರುತು ಬರುತ್ತದೆ, ಆದರೆ ಮೈ ಕಂಪ್ಯೂಟರಿನಲ್ಲಿ ಏನೂ ಕಾಣುವುದಿಲ್ಲ.

ಉತ್ತರ: ಹಸಿರು ಬಾಣ ಬಂದಿದೆ ಎಂದರೆ ಡ್ರೈವರ್ ಸರಿಯಾಗಿದೆ. ನಿಮ್ಮ ಕಚೇರಿಯ ನೆಟ್‌ವರ್ಕ್ ಡ್ರೈವೊಂದು ಎಫ್ ಅಥವಾ ಜಿ ಎಂಬ ಅಕ್ಷರವನ್ನು ಹಿಡಿದಿರಬೇಕು. ಎಕ್ಸ್‌ಪಿ ಪೆನ್‌ಡ್ರೈವಿಗೂ ಅದೇ ಅಕ್ಷರವನ್ನು ಕೊಟ್ಟುಬಿಡುತ್ತದೆ, ಆಗ ನೆಟ್‌ವರ್ಕ್ ಡ್ರೈವಿನ ಹಿಂದೆ ಪೆನ್‌ಡ್ರೈವ್ ಮರೆಯಾಗುತ್ತದೆ. ಮೈ ಕಂಪ್ಯೂಟರ್ ಮೇಲೆ ಬಲಗುಂಡಿ ಒತ್ತಿ ‘ಮ್ಯಾನೇಜ್’, ಅಲ್ಲಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಪೆನ್‌ಡ್ರೈವಿನ ಪಟ್ಟಿಯ ಮೇಲೆ ಬಲಗುಂಡಿ ಒತ್ತಿ, ‘ಚೇಂಜ್ ಡ್ರೈವ್ ಲೆಟರ್’ ಮೂಲಕ ಯಾರೂ ಬಳಸದ ಅಕ್ಷರವೊಂದನ್ನು ಕೊಡಿ. ಪ್ರತಿಯೊಂದು ಹೊಸ ಪೆನ್‌ಡ್ರೈವಿಗೂ ಈ ಕಷ್ಟ ಮರುಕಳಿಸದಿರಬೇಕಾದರೆ ನೆಟ್‌ವರ್ಕ್ ಡ್ರೈವುಗಳನ್ನೇ ಎಕ್ಸ್, ವೈ, ಝಡ್ ಮುಂತಾದ ಕೊನೆಯ ಅಕ್ಷರಗಳಿಗೆ ಸರಿಸುವುದು ಲೇಸು.

ಪ್ರಶ್ನೆ: ಬೇಲೂರಿನ ಶಾಲೆಯೊಂದರ ಶಿಕ್ಷಕಿ. ದಾನಿಗಳು ಕೊಟ್ಟ ಕಂಪ್ಯೂಟರಿನಲ್ಲಿ ವಿಂಡೋಸ್ 7 ಇದೆ. ಕಪ್ಪು ಕಿಂಡಿಯಲ್ಲಿ ಪೆನ್‌ಡ್ರೈವ್ ನಡೆಯುತ್ತದೆ, ನೀಲಿ ಕಿಂಡಿಯಲ್ಲಿ ಮೌಸ್ ಕೂಡ ನಡೆಯುವುದಿಲ್ಲ.

ಉತ್ತರ: ನೀಲಿ ಕಿಂಡಿ ಯುಎಸ್‌ಬಿ 3.0. ವಿಂಡೋಸ್ 7ರೊಳಗೆ ಅದರ ಡ್ರೈವರ್ ಇಲ್ಲ. ಮೈಕ್ರೋಸಾಫ್ಟ್ ಅದನ್ನು ಸೇರಿಸಿದ್ದು 2012ರ ವಿಂಡೋಸ್ 8ರಲ್ಲಿ. ಇಲ್ಲಿ ಬೇಕಾಗಿರುವುದು ಕಿಂಡಿಯ ಡ್ರೈವರ್. ಮದರ್‌ಬೋರ್ಡ್ ಅಥವಾ ಕಂಪ್ಯೂಟರ್ ತಯಾರಿಸಿದ ಕಂಪನಿಯ ಅಧಿಕೃತ ಜಾಲತಾಣದಲ್ಲಿ ನಿಮ್ಮ ಮಾದರಿಯ ಹೆಸರಿನಡಿ ಅದು ಉಚಿತವಾಗಿ ಸಿಗುತ್ತದೆ. ಸಿಗುವವರೆಗೆ ಕಪ್ಪು ಕಿಂಡಿಯನ್ನೇ ಬಳಸಿ. ಮಕ್ಕಳ ಪಾಠದ ಕಡತಗಳಿಗೆ ಅದರ ವೇಗ ಧಾರಾಳವಾಯಿತು.

ಪ್ರಶ್ನೆ: ಕಡೂರಿನ ವಿದ್ಯಾರ್ಥಿ ನಾನು. ಹೊರಗೆ ಪ್ರಿಂಟ್ ತೆಗೆಸಿಕೊಂಡು ಬಂದ ಮೇಲೆ ಪೆನ್‌ಡ್ರೈವಿನ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿವೆ. ಡ್ರೈವರ್ ಕೆಟ್ಟಿದೆ ಎಂದು ಸ್ನೇಹಿತರು ಹೇಳುತ್ತಾರೆ.

ಉತ್ತರ: ಇದು ವೈರಸ್ಸಿನ ಕೆಲಸ. ನಿಮ್ಮ ಫೋಲ್ಡರುಗಳು ಅಳಿದಿಲ್ಲ. ವೈರಸ್ ಅವನ್ನು ಮರೆಮಾಡಿ, ಅವುಗಳ ಹೆಸರಿನಲ್ಲಿ ತನ್ನನ್ನು ಚಾಲೂ ಮಾಡುವ ಶಾರ್ಟ್‌ಕಟ್ಟುಗಳನ್ನು ಇಟ್ಟಿದೆ. ಆದ್ದರಿಂದ ಅವುಗಳ ಮೇಲೆ ಕ್ಲಿಕ್ ಮಾಡಬೇಡಿ, ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಲೂ ಅವಸರಪಡಬೇಡಿ. ಆಂಟಿವೈರಸ್ ಪರಿಷ್ಕೃತವಾಗಿರುವ ಕಂಪ್ಯೂಟರಿನಲ್ಲಿ ಮೊದಲು ಪೂರ್ತಿ ಸ್ಕ್ಯಾನ್ ಮಾಡಿಸಿ. ಅನಂತರ ಫೋಲ್ಡರ್ ಆಪ್ಷನ್ಸ್‌ನಲ್ಲಿ ಮರೆಯಾದ ಕಡತಗಳನ್ನು ತೋರಿಸುವ ಆಯ್ಕೆಯ ಜೊತೆಗೆ, ವ್ಯವಸ್ಥೆಯ ರಕ್ಷಿತ ಕಡತಗಳನ್ನು ಮರೆಮಾಡುವ ಆಯ್ಕೆಯನ್ನೂ ಬದಲಿಸಿದರೆ ನಿಮ್ಮ ಫೋಲ್ಡರುಗಳು ಮಸುಕಾಗಿ ಕಾಣಿಸಿಕೊಳ್ಳುತ್ತವೆ. ಅವುಗಳ ಒಳಗಿನ ಕಡತಗಳನ್ನು ಹಾರ್ಡ್‌ಡಿಸ್ಕಿಗೆ ಪ್ರತಿ ಮಾಡಿಕೊಂಡು, ಆಮೇಲೆ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ.

ಪ್ರಶ್ನೆ: ಆಲೂರಿನಿಂದ. ನಮ್ಮ ಅಜ್ಜಿ ಹಾಡಿದ ಸೋಬಾನೆ ಪದಗಳ ಧ್ವನಿಮುದ್ರಣ ಇರುವ ಪೆನ್‌ಡ್ರೈವ್ ಯಾವ ಕಂಪ್ಯೂಟರಿನಲ್ಲೂ ತೆರೆಯುತ್ತಿಲ್ಲ. ಹೆಸರು ಕಾಣುತ್ತದೆ, ಕ್ಲಿಕ್ ಮಾಡಿದರೆ ‘ಇನ್ಸರ್ಟ್ ಡಿಸ್ಕ್’ ಎನ್ನುತ್ತದೆ. ಬೇರೆ ಪ್ರತಿ ಇಲ್ಲ. ಯಾವ ಡ್ರೈವರ್ ಹಾಕಬೇಕು?

ಉತ್ತರ: ಹಲವು ಕಂಪ್ಯೂಟರುಗಳಲ್ಲಿ ಒಂದೇ ರೀತಿಯಾಗಿ ನಡೆದುಕೊಳ್ಳುತ್ತಿರುವುದರಿಂದ ದೋಷ ಪೆನ್‌ಡ್ರೈವಿನೊಳಗೇ ಇದೆ, ಯಾವ ಡ್ರೈವರೂ ಇದನ್ನು ಸರಿಪಡಿಸಲಾರದು. ಪೆನ್‌ಡ್ರೈವಿನಲ್ಲಿ ಮಾಹಿತಿಯನ್ನು ಹಿಡಿದಿಡುವ ಚಿಪ್ಪು ಮತ್ತು ಅದನ್ನು ನಿಯಂತ್ರಿಸುವ ಚಿಪ್ಪು ಎಂದು ಎರಡಿರುತ್ತವೆ. ನಿಮ್ಮ ಪೆನ್‌ಡ್ರೈವಿನ ನಿಯಂತ್ರಕ ಚಿಪ್ಪು ಕಂಪ್ಯೂಟರಿಗೆ ತನ್ನ ಗುರುತನ್ನು ಹೇಳುತ್ತಿದೆ, ಆದರೆ ಅದಕ್ಕೆ ಮಾಹಿತಿಯ ಚಿಪ್ಪನ್ನು ತಲುಪಲು ಆಗುತ್ತಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ‘ನೋ ಮೀಡಿಯಾ’ ಎಂದು ಕಾಣುತ್ತಿದ್ದರೆ ಇದು ಖಚಿತ. ಹಾಡುಗಳಿರುವ ಚಿಪ್ಪು ಹಾಳಾಗದೆ ಉಳಿದಿರುವ ಸಾಧ್ಯತೆ ಇನ್ನೂ ಇದೆ. ಅದು ಉಳಿಯಬೇಕಾದರೆ ಪೆನ್‌ಡ್ರೈವನ್ನು ಮತ್ತೆ ಮತ್ತೆ ಸಿಕ್ಕಿಸಿ ನೋಡುವುದನ್ನು ಇಂದೇ ನಿಲ್ಲಿಸಿ. ‘ಪೆನ್‌ಡ್ರೈವ್ ರಿಪೇರಿ’ ಎಂಬ ಹೆಸರಿನ ತಂತ್ರಾಂಶಗಳನ್ನೂ ಬಳಸಬೇಡಿ. ಅವುಗಳಲ್ಲಿ ಹೆಚ್ಚಿನವು ಪೆನ್‌ಡ್ರೈವನ್ನು ಖಾಲಿ ಮಾಡಿ ಮತ್ತೆ ಬಳಕೆಗೆ ತರುವಂಥವು, ಒಳಗಿನ ಧ್ವನಿಯನ್ನು ಉಳಿಸುವಂಥವಲ್ಲ.

ಬೆಂಗಳೂರಿನಂಥ ನಗರಗಳಲ್ಲಿ ಮಾಹಿತಿ ಮರಳಿ ಪಡೆಯುವ ಪ್ರಯೋಗಾಲಯಗಳಿವೆ. ಅಲ್ಲಿ ಮಾಹಿತಿಯ ಚಿಪ್ಪನ್ನು ಬಿಡಿಸಿ ಬೇರೆ ಉಪಕರಣದಲ್ಲಿ ಓದುತ್ತಾರೆ. ಬಹಳ ಚಿಕ್ಕ ಗಾತ್ರದ ಪೆನ್‌ಡ್ರೈವುಗಳಲ್ಲಿ ಎರಡೂ ಚಿಪ್ಪುಗಳನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿರುವುದರಿಂದ ಕೆಲಸ ಕಠಿಣವಾಗುತ್ತದೆ, ಖರ್ಚೂ ಹೆಚ್ಚು. ಕೊಡುವ ಮುನ್ನ ಪರೀಕ್ಷೆಯ ಶುಲ್ಕವೆಷ್ಟು, ಮಾಹಿತಿ ಸಿಗದಿದ್ದರೆ ಎಷ್ಟು ಕೊಡಬೇಕು ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ. ಸಿಕ್ಕ ಕಡತಗಳ ಪಟ್ಟಿಯನ್ನು ತೋರಿಸಿದ ಮೇಲೆಯೇ ಪೂರ್ತಿ ಹಣ ಎಂದು ಒಪ್ಪಂದ ಮಾಡಿಕೊಳ್ಳಿ. ಅಷ್ಟರಲ್ಲಿ, ಧ್ವನಿಮುದ್ರಣವನ್ನು ಮೊದಲು ಯಾವ ಫೋನಿನಲ್ಲಿ ಅಥವಾ ರೆಕಾರ್ಡರಿನಲ್ಲಿ ಮಾಡಿದ್ದಿರಿ ಎಂಬುದನ್ನು ಮನೆಯವರನ್ನೆಲ್ಲ ಕೇಳಿ ನೋಡಿ. ಆ ಫೋನಿನ ಮೆಮೊರಿ ಕಾರ್ಡ್ ಯಾವುದಾದರೂ ಡ್ರಾಯರಿನಲ್ಲಿ ಸಿಕ್ಕಿದರೆ ಅದನ್ನು ಬಳಸದೆ, ಅದರಲ್ಲಿ ಹೊಸ ಫೋಟೋ ತೆಗೆಯದೆ, ನೇರವಾಗಿ ಕಂಪ್ಯೂಟರಿಗೆ ಹಾಕಿ. ಅಳಿಸಿದ ಕಡತಗಳನ್ನು ಹುಡುಕುವ ತಂತ್ರಾಂಶದಿಂದ ಕಾರ್ಡನ್ನು ಪರೀಕ್ಷಿಸಿ, ಸಿಕ್ಕಿದ್ದನ್ನು ಕಾರ್ಡಿಗೇ ಬರೆಯದೆ ಹಾರ್ಡ್‌ಡಿಸ್ಕಿಗೆ ಉಳಿಸಿಕೊಳ್ಳಿ.